ತೊಟ್ಟಿಲ ಹಗ್ಗ ಬಿಡದ ಅಕ್ಕ

ಪಕ್ಕದ ಮನೆಯ ಅಕ್ಕ ತೀರಿಕೊಂಡ ದಿನ ಅಜ್ಜಂಪುರದ ನಮ್ಮ ಬೀದಿಯ ಹೆಂಗಸರೆಲ್ಲ ಒಂದೇ ಮಾತು ಆಡಿದರು: "ಪುಣ್ಯವಂತೆ ಕಣೇ, ನಿದ್ದೆ ಮಾಡಿದಂಗೇ ಹೋದ್ಲು." ನನಗೆ ಮೈಯೆಲ್ಲ ಉರಿದುಹೋಯಿತು. ಆಕೆ ನಿದ್ದೆ ಮಾಡಿದ್ದನ್ನು ಇವರು ಯಾವ ಕಾಲದಲ್ಲಿ ನೋಡಿದ್ದರಂತೆ? ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂರಿಸುತ್ತಾರೆ, ಕೂತಂತೆಯೇ ಮಣ್ಣು ಮಾಡುತ್ತಾರೆ. ಬದುಕಿದ್ದಾಗ ಒಂದು ದಿನವೂ ನೆಟ್ಟಗೆ ಮೈ ಚಾಚದವಳನ್ನು ಸತ್ತ ಮೇಲೂ ಹಾಗೆ ಕೂರಿಸಿದ್ದು ಕಂಡು ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದೆ ಮನೆಗೆ ಬಂದು ಪಾತ್ರೆಗಳನ್ನು ಕುಕ್ಕಿದೆ.

ನಾನು ಕಡೂರಿನ ಹುಡುಗಿ. ಯಜಮಾನರಿಗೆ ಇಲ್ಲಿಯ ಸರ್ಕಾರಿ ಶಾಲೆಗೆ ವರ್ಗವಾದಾಗ ಕಂಕುಳಲ್ಲಿ ಎಂಟು ತಿಂಗಳ ಮಗಳನ್ನು ಇಟ್ಟುಕೊಂಡು ಬಂದೆ. ಕಂಕುಳಲ್ಲಿ ಎಂದದ್ದು ಸುಮ್ಮನೆ ಅಲ್ಲ. ಆ ಮಗುವನ್ನು ನೆಲಕ್ಕೆ ಇಳಿಸುವ ಹಾಗೇ ಇರಲಿಲ್ಲ. ಹೆಗಲ ಮೇಲೆ ಹಾಕಿಕೊಂಡು ಹಿತ್ತಲಲ್ಲಿ ಬಾವಿಯಿಂದ ನುಗ್ಗೆಮರದವರೆಗೆ, ನುಗ್ಗೆಮರದಿಂದ ಬಾವಿಯವರೆಗೆ ತಿರುಗುತ್ತಿದ್ದರೆ ಮಾತ್ರ ಕಣ್ಣು ಮುಚ್ಚುತ್ತಿತ್ತು. ನಿದ್ದೆ ಹತ್ತಿತು ಎಂದು ಚಾಪೆಗೆ ಇಳಿಸಿದೆನೋ, ಬೆನ್ನಿಗೆ ಚಾಪೆ ತಾಗುವ ಮೊದಲೇ ಕಿಟಾರನೆ ಕಿರುಚಿಕೊಳ್ಳುತ್ತಿತ್ತು. ಯಜಮಾನರು ಒಳಗಿನಿಂದ "ಬೆಳೀತಾ ಬೆಳೀತಾ ಸರಿಹೋಗುತ್ತೆ ಕಣೇ" ಎಂದು ಹೇಳಿ ಮಗ್ಗುಲು ಬದಲಿಸುತ್ತಿದ್ದರು. ಬೆಳೆಯುವಷ್ಟು ಕಾಲ ಹೊತ್ತು ತಿರುಗುವವರು ಯಾರು ಎಂದು ಅವರು ಹೇಳಲಿಲ್ಲ.

ಹಿತ್ತಲ ಗಿಡ್ಡಗೋಡೆಯ ಆಚೆಯಿಂದ ಅಕ್ಕ ನನ್ನನ್ನು ಮೊದಲು ಮಾತಾಡಿಸಿದ್ದು ಹಾಗೆ ತಿರುಗುತ್ತಿದ್ದಾಗಲೇ. ಕೈಯಲ್ಲಿ ಕೊಬ್ಬರಿ ಹೋಳಿನ ಮೊರ, ಹಣೆ ತುಂಬ ವಿಭೂತಿ, ಕಣ್ಣ ಕೆಳಗೆ ಕಾಡಿಗೆ ಬಳಿದ ಹಾಗೆ ಕಪ್ಪು. ಕೊಬ್ಬರಿ ಮಂಡಿ ಸಾಹುಕಾರರ ಹೆಂಡತಿ. ಬೀದಿಯಲ್ಲಿ ಯಾರ ಮಗುವಿಗೆ ಏನಾದರೂ ಮೊದಲು ಕೇಳುವುದು ಆಕೆಯನ್ನೇ.

"ಯಾಕೇ ತಂಗಿ, ಗಾಣದ ಎತ್ತಿನಂಗೆ ಸುತ್ತುತಾ ಇದೀಯ?"

"ಇಳಿಸಿದ್ರೆ ಅಳುತ್ತೆ ಅಕ್ಕ. ಹಿಂಗೇ ಆದ್ರೆ ನಾನು ಸತ್ತೇ ಹೋಗ್ತೀನಿ."

"ಅಯ್ಯೋ, ಹಲ್ಲು ಬರ್ಲಿ ಬಿಡೇ. ತಾನೇ ಹೋಯ್ತದೆ."

ಹಲ್ಲು ಬಂತು. ಹೋಗಲಿಲ್ಲ. ಗೋಡೆಯ ಬಳಿ ಹೋಗಿ ಕೇಳಿದೆ. "ಹಾಲು ಬಿಡಿಸು, ಹೋಯ್ತದೆ." ಎದೆಗೆ ಬೇವಿನೆಲೆ ಅರೆದು ಹಚ್ಚಿಕೊಂಡು ಹಾಲು ಬಿಡಿಸಿದೆ. ಹೋಗಲಿಲ್ಲ. "ನಾಕು ಮಾತು ಬರ್ಲಿ, ಬುದ್ಧಿ ಬತ್ತದೆ, ಹೋಯ್ತದೆ." ಮಾತು ಬಂತು, ಬಂದ ಮಾತಿನಲ್ಲಿ ಮಗಳು "ಎತ್ಕೋ" ಎಂದು ಅಪ್ಪಣೆ ಕೊಡಲು ಕಲಿತಳು, ಅಷ್ಟೆ. ಆಕೆ ಹೇಳುವ ರೀತಿ ಮಾತ್ರ ಎಷ್ಟು ತಣ್ಣಗಿರುತ್ತಿತ್ತೆಂದರೆ, ಪ್ರತಿ ಸಲವೂ ನಾನು ಒಂದಷ್ಟು ದಿನದ ಮಟ್ಟಿಗೆ ನಂಬಿ ವಾಪಸು ಬರುತ್ತಿದ್ದೆ.

ಆಕೆ ನಿದ್ದೆಗೆಟ್ಟವಳು ಎಂದು ತಿಳಿಯಲು ನನಗೆ ಹೆಚ್ಚು ದಿನ ಬೇಕಾಗಲಿಲ್ಲ. ಒಬ್ಬಳು ನಿದ್ದೆಗೆಟ್ಟವಳಿಗೆ ಇನ್ನೊಬ್ಬಳ ಗುರುತು ಸಿಗುತ್ತದೆ. ಮಜ್ಜಿಗೆ ಕೇಳಲು ಬಂದವಳು ನಾನು ಕಡೆದು ತರುವಷ್ಟರಲ್ಲಿ ಕಂಬಕ್ಕೆ ಒರಗಿ ತೂಕಡಿಸುತ್ತಿದ್ದಳು. ಮಠದಲ್ಲಿ ಸ್ವಾಮಿಗಳ ಆಶೀರ್ವಚನ ಶುರುವಾದರೆ ಆಕೆಯ ತಲೆ ಪಕ್ಕದವಳ ಹೆಗಲಿಗೆ. ರೊಟ್ಟಿ ತಟ್ಟುತ್ತ ತಟ್ಟುತ್ತ ಕಣ್ಣು ಮುಚ್ಚಿ, ಕೈ ಮಾತ್ರ ತಟ್ಟುತ್ತಲೇ ಇದ್ದು, ರೊಟ್ಟಿ ಹಂಚನ್ನು ಮೀರಿ ಬೆಳೆದಿದ್ದನ್ನು ನಾನೇ ನೋಡಿ ನಕ್ಕಿದ್ದೇನೆ. "ಯಾಕಕ್ಕ, ರಾತ್ರಿ ನಿದ್ದೆ ಇಲ್ವಾ?" ಎಂದರೆ "ಮಗಿ ಮಲಗಾದು ತಡ ಕಣೇ" ಎನ್ನುತ್ತಿದ್ದಳು. ಆ ಮನೆಯಲ್ಲಿ ನಾನು ಮಗುವನ್ನೇ ಕಂಡಿರಲಿಲ್ಲ. ಇದ್ದವನು ಒಬ್ಬನೇ ಮಗ. ಇಪ್ಪತ್ತು ದಾಟಿದ್ದವನು, ಮೀಸೆ ತಿರುವುತ್ತಿದ್ದವನು, ಕೊಬ್ಬರಿ ಮೂಟೆಯನ್ನು ಒಬ್ಬನೇ ಎತ್ತಿ ಗಾಡಿಗೆ ಹಾಕುತ್ತಿದ್ದವನು.

ಆದರೆ ಮಧ್ಯಾಹ್ನವಾಗಲಿ ರಾತ್ರಿಯಾಗಲಿ, ಊಟದ ಹೊತ್ತು ಕಳೆದರೆ ಆ ಮನೆಯಿಂದ ತೊಟ್ಟಿಲು ತೂಗುವ ಸದ್ದು ಬರುತ್ತಿತ್ತು. ತೊಲೆಗೆ ಕಟ್ಟಿದ ಹಗ್ಗದ ಕಿರ್ರ್, ಕಿರ್ರ್. ಮಗುವಿಲ್ಲದ ಮನೆಯಲ್ಲಿ ತೊಟ್ಟಿಲ ಸದ್ದು! ಬರಿ ತೊಟ್ಟಿಲು ತೂಗಬಾರದು ಎನ್ನುವುದು ಮೂರು ವರ್ಷದ ಮಗುವಿಗೂ ಗೊತ್ತು. ತೂಗಿದರೆ ಮುಂದೆ ಅದರಲ್ಲಿ ಮಲಗುವ ಕೂಸಿಗೆ ಕೇಡು. ಯಾವುದೋ ಮಗುವನ್ನು ಕಳೆದುಕೊಂಡ ದುಃಖದಲ್ಲಿ ಹೀಗೆ ಮಾಡುತ್ತಾಳೇನೋ ಎಂದು ಮರುಗಿ, ಸಮಾಧಾನ ಹೇಳೋಣವೆಂದು ಒಂದು ಮಧ್ಯಾಹ್ನ ಹೇಳದೆ ಕೇಳದೆ ಒಳಗೆ ಹೋದೆ.

ನಡುಮನೆಯಲ್ಲಿ ಅಕ್ಕ ಕಂಬಕ್ಕೆ ಒರಗಿ ಕೂತಿದ್ದಳು. ಕಣ್ಣು ಮುಚ್ಚಿತ್ತು, ಬಾಯಿ ಅರೆತೆರೆದಿತ್ತು, ಹಗ್ಗದ ತುದಿ ಕಾಲ ಹೆಬ್ಬೆರಳಿಗೆ ಸುತ್ತಿತ್ತು. ನಿದ್ದೆಯಲ್ಲೇ ಕಾಲು ಎಳೆಯುತ್ತಿತ್ತು, ಬಿಡುತ್ತಿತ್ತು. ತೊಟ್ಟಿಲೊಳಗೆ ಹಳೆ ಸೀರೆಯ ತುಂಡಿನಲ್ಲಿ ಸುತ್ತಿ ಮಲಗಿಸಿದ್ದು ಒರಳಿನ ಗುಂಡುಕಲ್ಲು. ಆಚೆ ಬದಿಯಲ್ಲಿ, ತೊಟ್ಟಿಲ ನೆರಳು ಬೀಳುವಲ್ಲಿ, ಜಮಖಾನದ ಮೇಲೆ ಆ ಮೀಸೆಯ ಮಗ ಕೈಕಾಲು ಚೆಲ್ಲಿ ಮಲಗಿದ್ದ.

ಆಕೆಗೆ ಎಚ್ಚರವಾಯಿತು, ನಾಚಿಕೆಯೂ ಆಗಲಿಲ್ಲ. ತುಟಿಗೆ ಬೆರಳಿಟ್ಟು ಹಿತ್ತಲಿಗೆ ಕರೆದುಕೊಂಡು ಹೋಗಿ ಹೇಳಿದಳು. ಹುಟ್ಟಿದಾಗಿನಿಂದ ಅವನಿಗೆ ಆ ಕಿರ್ರ್ ಸದ್ದು ಕೇಳದೆ ನಿದ್ದೆ ಬಾರದು. ತೊಟ್ಟಿಲಲ್ಲಿ ಹಿಡಿಸದಷ್ಟು ಬೆಳೆದ ಮೇಲೆ ಕೆಳಗೆ ಮಲಗತೊಡಗಿದ. ಸದ್ದು ಮಾತ್ರ ಬೇಕು. ಬರಿ ತೊಟ್ಟಿಲು ತೂಗುವಂತಿಲ್ಲವಲ್ಲ? ನಾಮಕರಣದ ದಿನ ಕೂಸಿಗಿಂತ ಮೊದಲು ಗುಂಡುಕಲ್ಲನ್ನು ತೊಟ್ಟಿಲಿಗೆ ಹಾಕುತ್ತೇವಲ್ಲ, ಆ ಶಾಸ್ತ್ರವನ್ನೇ ಹಿಡಿದುಕೊಂಡಳು. ಕಲ್ಲು ಹಾಕಿದರೆ ತೊಟ್ಟಿಲು ಬರಿದಲ್ಲ, ದೋಷವೂ ಇಲ್ಲ.

"ಅಕ್ಕ, ಬೆಳೆದ್ರೆ ಹೋಯ್ತದೆ ಅಂತ ನಂಗೆ ಹೇಳ್ತಿದ್ಯಲ್ಲ! ಇನ್ನೆಷ್ಟು ಬೆಳೀಬೇಕು ಇವ್ನು? ತಲೆ ತೊಲೆಗೆ ತಗಲ್ತದೆ!"

"ಮೀಸೆ ಬಂದ್ರೆ ಹೋಯ್ತದೆ ಅಂದ್ಕೊಂಡಿದ್ದೆ ಕಣೇ," ಎಂದಳು ಆಕೆ, ನಿಜವಾಗಿಯೂ ಯೋಚಿಸುತ್ತ. "ಮದ್ವೆ ಆಗ್ಲಿ. ಮದ್ವೆ ಆದ್ರೆ ಹೋಯ್ತದೆ."

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂದು ಗಾದೆ. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಸಿಟ್ಟು ಅವನ ಮೇಲಲ್ಲ. ಅವನಿಗೆ ಅದು ಕೊರತೆ ಎಂದೇ ಗೊತ್ತಿರಲಿಲ್ಲ. ಪಕ್ಕದ ಶಿವನಿ ಊರಿಗೆ ಹೋದರೂ ಊಟದ ಹೊತ್ತಿಗೆ ರೈಲು ಹತ್ತಿ ಮನೆಗೆ ಬರುವುದು, ತಿಪಟೂರಿನ ವ್ಯಾಪಾರಕ್ಕೆ ರಾತ್ರಿ ಉಳಿಯಬೇಕೆಂದರೆ ಹೊಟ್ಟೆನೋವು ಎನ್ನುವುದು. ಅವನ ಅಪ್ಪ ಸಾಹುಕಾರರು ಈ ಮಾತು ಬಂದರೆ ಎದ್ದು ಮಂಡಿಗೆ ನಡೆಯುತ್ತಿದ್ದರು. ಉಳಿದವಳು ಇವಳು. ಇಪ್ಪತ್ತು ವರ್ಷದಿಂದ ಒಂದು ಕಾಲನ್ನು ಹಗ್ಗಕ್ಕೆ ಕೊಟ್ಟು ಕೂತವಳು. "ಒಂದಿನ ಸುಮ್ನೆ ಬಿಟ್ಟು ನೋಡು ಅಕ್ಕ" ಎಂದರೆ ಕಣ್ಣಲ್ಲಿ ನೀರು. "ಎದ್ದು ಕೂತ್ಕೊಂಡು ನನ್ ಮಖನೇ ನೋಡ್ತಾನೆ ಕಣೇ. ಹೆಂಗೆ ಬಿಡ್ಲಿ?"

ತರೀಕೆರೆಯಲ್ಲಿ ಹೆಣ್ಣು ಗೊತ್ತಾಯಿತು. ಮದುವೆ ಹೆಣ್ಣಿನ ಮನೆಯಲ್ಲಿ. ಹೋಗಿ ಬರುವುದು ಮೂರು ನಾಲ್ಕು ದಿನ. ಅಕ್ಕ ಏನು ಮಾಡಿದಳು ಬಲ್ಲಿರಾ? ದಿಬ್ಬಣದ ಗಾಡಿಯಲ್ಲಿ ತೊಟ್ಟಿಲನ್ನೂ ಹೇರಿಸಿದಳು. ನಾನು ಅದೇ ಗಾಡಿಯಲ್ಲಿ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದೆ. ದಾರಿಯುದ್ದಕ್ಕೂ ಗುಂಡುಕಲ್ಲು ನನ್ನ ಮೊಣಕಾಲಿಗೆ ಬಡಿಯುತ್ತಿತ್ತು. ಬೀಗರ ಮನೆಯಲ್ಲಿ ತೊಟ್ಟಿಲು ಇಳಿಸಿದಾಗ ಹೆಣ್ಣುಮಕ್ಕಳೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. "ಬೀಗ್ತಿಗೆ ಭಾರಿ ಆತ್ರ ಕಣ್ರೇ, ತಾಳಿ ಕಟ್ಟೋಕೆ ಮುಂಚೆನೇ ತೊಟ್ಲು!"

ಅಕ್ಕ ಬೆವರು ಒರೆಸಿಕೊಂಡು, "ನಮ್ಮನೆ ಪದ್ಧತಿ" ಎಂದುಬಿಟ್ಟಳು.

ಪದ್ಧತಿ ಎಂದರೆ ಮುಗಿಯಿತು, ಅದರ ಮೇಲೆ ಪ್ರಶ್ನೆ ಇಲ್ಲ. ಹೆಣ್ಣಿನ ಅಜ್ಜಿ ಮುಂದೆ ಬಂದು ತೊಟ್ಟಿಲೊಳಗೆ ಇಣುಕಿದಳು. ಸೀರೆಯ ತುಂಡಿನೊಳಗೆ ನುಣ್ಣನೆ ಕರಿ ಕಲ್ಲು. ವರ್ಷಗಟ್ಟಲೆ ಅಕ್ಕನ ಕೈಯ ವಿಭೂತಿ ಹತ್ತಿ ಅಲ್ಲಲ್ಲಿ ಬೆಳ್ಳಗಾಗಿದ್ದ ಕಲ್ಲು. ಅಜ್ಜಿ ಗಲ್ಲ ಗಲ್ಲ ಬಡಿದುಕೊಂಡಳು. ಗಂಡಿನ ಮನೆದೇವರು ಜೊತೆಗೇ ಬಂದಿದ್ದಾನೆ! ಆರತಿ ಬಂತು, ಹೂ ಬಂತು, ತೊಟ್ಟಿಲನ್ನು ನಡುಮನೆಯ ತೊಲೆಗೆ ಕಟ್ಟಿದರು, ಹೆಣ್ಣನ್ನು ಕರೆತಂದು ಗುಂಡುಕಲ್ಲಿಗೆ ಅಡ್ಡ ಬೀಳಿಸಿದರು. ಹುಡುಗಿ ಭಕ್ತಿಯಿಂದ ಹಣೆ ನೆಲಕ್ಕೆ ಮುಟ್ಟಿಸಿದಳು. ನಾನು ಅಕ್ಕನ ಮುಖ ನೋಡಿದೆ. ಆಕೆ ತಲೆ ಎತ್ತಲಿಲ್ಲ. ಮಧ್ಯಾಹ್ನ "ದೇವರ ಸೇವೆ" ಎಂದು ಬಾಗಿಲು ಮುಂದೆ ಮಾಡಿಕೊಂಡು ಹಗ್ಗ ಎಳೆದಳು. ಒಳಗೆ ಮದುವಣಿಗ ಮಲಗಿದ. ಬೀಗರು ಹೊರಗೆ ಕೈಮುಗಿದುಕೊಂಡು ಕೂತಿದ್ದರು.

ಸೊಸೆ ಮನೆತುಂಬಿದ ಮೇಲೆ ಅಕ್ಕ ಅವಳಿಗೆ ಬೀಗದ ಕೈಗೊಂಚಲು ತೋರಿಸಿದಳು, ಉಗ್ರಾಣ ತೋರಿಸಿದಳು, ಕೊನೆಗೆ ಹಗ್ಗವನ್ನೂ ತೋರಿಸಿದಳು. ಹುಡುಗಿಗೆ ಹದಿನಾರೋ ಹದಿನೇಳೋ. ಸುಮ್ಮನೆ ಕೇಳಿಸಿಕೊಂಡವಳು ಹಿತ್ತಲಿಗೆ ಬಂದು ಗೋಡೆಯ ಮೇಲಿಂದ ನನ್ನನ್ನು ಕೇಳಿದಳು:

"ಚಿಕ್ಕವ್ವ, ನಾನು ಅಡ್ಡ ಬಿದ್ದಿದ್ದು ಒರಳ್ ಗುಂಡಿಗಾ?"

"ಹೂಂ ಕಣವ್ವ" ಎಂದೆ. ಅವಳು ನಗಲೂ ಇಲ್ಲ, ಅಳಲೂ ಇಲ್ಲ. ಒಳಗೆ ಹೋಗಿ ತೊಟ್ಟಿಲಿಂದ ಕಲ್ಲನ್ನು ತೆಗೆದಳು, ತೊಳೆದಳು, ಒರಳಿಗೆ ಇಟ್ಟು ಚಟ್ನಿ ರುಬ್ಬಿದಳು.

"ಅತ್ತೆ, ಒರಳಿಗೆ ಗುಂಡು ಬೇಕು. ಬರಿ ತೊಟ್ಲು ತೂಗಂಗಿಲ್ಲ, ನೀವೇ ಹೇಳಿದೀರ."

ಅಷ್ಟೇ ಮಾತು. ಆ ದಿನಗಳಲ್ಲಿ ಆ ಮನೆಯಿಂದ ಬಂದ ಸದ್ದು ಬೇರೆ. ಮಗ ರೇಗುತ್ತಿದ್ದ, ಚೊಂಬು ಎಸೆಯುತ್ತಿದ್ದ, ಜಗಲಿಯಲ್ಲಿ ಕೆಂಗಣ್ಣು ಬಿಟ್ಟುಕೊಂಡು ಕೂತು ಹಾದಿಹೋಕರ ಮೇಲೆಲ್ಲ ಸಿಡುಕುತ್ತಿದ್ದ, ಮಂಡಿಯಲ್ಲಿ ಹಮಾಲರ ಜೊತೆ ಜಗಳ. ಅಕ್ಕ ನನ್ನ ಮನೆಗೆ ಓಡಿ ಬರುತ್ತಿದ್ದಳು. "ನನ್ ಮಗಿನ ಕೊಲ್ತಾಳೆ ಕಣೇ ಆ ತರೀಕೆರೆಯವ್ಳು!" ಸೊಸೆ ಮಾತ್ರ ದಿನವೂ ಅದೇ ಹೊತ್ತಿಗೆ ಜಮಖಾನ ಹಾಸಿ, "ಮಲಗ್ರಿ" ಎಂದು ಹೇಳಿ, ತನ್ನ ಪಾಡಿಗೆ ಅಕ್ಕಿ ಆರಿಸಲು ಕೂರುತ್ತಿದ್ದಳು. ಅಮಾವಾಸ್ಯೆಗೆ ಶುರುವಾದದ್ದು, ಹುಣ್ಣಿಮೆ ಹೊತ್ತಿಗೆ ಅವನು ಮಂಡಿಯ ಕೊಬ್ಬರಿ ಮೂಟೆಗಳ ಮೇಲೆ, ಗಾಡಿಗಳ ಗಲಾಟೆಯ ನಡುವೆ, ಗೊರಕೆ ಹೊಡೆಯುತ್ತಿದ್ದ.

ನೋಡಿದಿರಾ? ಇಪ್ಪತ್ತು ವರ್ಷ ಬೆಳೆದರೂ ಹೋಗದ್ದು ತೂಗುವವರು ನಿಲ್ಲಿಸಿದ ಮೇಲೆ ಹದಿನೈದು ದಿನದಲ್ಲಿ ಹೋಯಿತು. ನಾನೂ ಅಂದೇ ಹಟ ಹಿಡಿದು ಮಗಳನ್ನು ಹೆಗಲಿಂದ ಇಳಿಸಿದೆ. ಪಕ್ಕದಲ್ಲಿ ಕೂತೆ, ಎತ್ತಲಿಲ್ಲ. ಅವಳು ಅತ್ತಳು, ನಾನೂ ಅತ್ತೆ, ಯಜಮಾನರು ಶಾಲೆಗೆ ಬೇಗ ಹೋದರು. ಕೆಲವು ದಿನಕ್ಕೆ ಅವಳು ಮರದ ಬೊಂಬೆಯನ್ನು ತಬ್ಬಿಕೊಂಡು ಚಾಪೆಯ ಮೇಲೆ ಮಲಗತೊಡಗಿದಳು. ಇಷ್ಟಕ್ಕೆ ಎರಡೂವರೆ ವರ್ಷ ನನ್ನ ಸೊಂಟ ಮುರಿದುಕೊಂಡೆನಲ್ಲ ಎಂದು ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಅಕ್ಕ ಇನ್ನಾದರೂ ಮಲಗುತ್ತಾಳೆ ಎಂದುಕೊಂಡೆ. ಇಲ್ಲ. ಮಗ ತಿಪಟೂರಿಗೆ ಹೋಗಿ ಛತ್ರದಲ್ಲಿ ರಾತ್ರಿ ಉಳಿದು ಬಂದದ್ದನ್ನು ಸಾವಿನ ಸುದ್ದಿಯ ಹಾಗೆ ತಂದು ಹೇಳಿದಳು. "ಅಲ್ಲಿ ಮಲಗಿದ್ನಂತೆ ಕಣೇ. ನನ್ನ ನೆನಪೇ ಆಗ್ಲಿಲ್ವಂತೆ." ತೂಕಡಿಕೆ ನಿಂತುಹೋಯಿತು. ಮೊದಲು ಎಲ್ಲಿ ಕೂತರೂ ನಿದ್ದೆ ಹತ್ತುತ್ತಿದ್ದವಳು ಈಗ ಹಾಸಿಗೆ ಹಾಸಿಕೊಟ್ಟರೂ ಸೂರು ನೋಡುತ್ತ ಬಿದ್ದಿರುತ್ತಿದ್ದಳಂತೆ. ಬಲಗಾಲು ಮಾತ್ರ ಅಲುಗುತ್ತಿತ್ತಂತೆ. ಸೊಸೆಯೇ ಬಂದು ಹೇಳಿದಳು, ಕಣ್ಣೀರು ಹಾಕಿಕೊಂಡು. ಕೆನ್ನೆ ಒಳಕ್ಕೆ ಹೋಯಿತು, ಊಟ ಸೇರದಾಯಿತು. ಅಂತರಘಟ್ಟಮ್ಮನಿಗೆ ಹರಕೆ ಕಟ್ಟಿಕೊಂಡರು. ಮಗ ತರೀಕೆರೆಯ ಆಸ್ಪತ್ರೆಗೆ ಕರೆದುಕೊಂಡು ಹೋದ; ಡಾಕ್ಟರು ನಿದ್ದೆಗೆ ಔಷಧಿ ಕೊಟ್ಟು, ಹೀಗೇ ಬಿಟ್ಟರೆ ಹೆಂಗಸು ಉಳಿಯುವುದಿಲ್ಲ ಎಂದರಂತೆ. ಸೀಸೆ ಗೂಡಿನಲ್ಲೇ ಇತ್ತು.

"ಯಾಕಕ್ಕ ಕುಡಿಯಲ್ಲ?"

"ಕುಡ್ದು ಮಲಗ್ಬಿಟ್ರೆ, ಮಗಿ ಎದ್ರೆ ಯಾರು ನೋಡ್ತಾರೆ?"

ಯಾವ ಮಗು ಎಂದು ಕೂಗಾಡಿದೆ. ನಿನ್ನ ಮಗುವಿಗೆ ಮುಂದಿನ ವರ್ಷ ಮಗುವಾಗುತ್ತೆ ಎಂದು ಕೂಗಾಡಿದೆ. ಗೋಡೆಗೆ ಹೇಳಿದ ಹಾಗಾಯಿತು. ಅದಾದ ಒಂದೆರಡು ದಿನಕ್ಕೆ ಮಧ್ಯಾಹ್ನ ಬಂದು, ಚಾಪೆಯ ಮೇಲೆ ಮಲಗಿದ್ದ ನನ್ನ ಮಗಳನ್ನು ನೋಡುತ್ತ ನಿಂತಳು.

"ತಂಗಿ, ಇವ್ಳನ್ನ ಒಸಿ ಕೊಡೇ. ತೊಟ್ಲಿಗೆ ಹಾಕಿ ತೂಗ್ತೀನಿ. ತೂಗಿದ್ರೆ ನಂಗೆ ಕಣ್ ಹತ್ತದೆ."

"ಆಗಲ್ಲ ಅಕ್ಕ. ಪ್ರಾಣ ಬಿಟ್ಟು ಬಿಡಿಸಿದೀನಿ ಅಭ್ಯಾಸನ. ಬೇಕಾದ್ರೆ ನನ್ನ ಒರಳ್ ಗುಂಡು ತಗೋ, ಅದನ್ನ ತೂಗು."

"ಕೇಳೋರೇ ಇಲ್ದೆ ಕಲ್ಲು ತೂಗ್ಲಾ? ನಂಗೇನು ತಲೆ ಕೆಟ್ಟೈತಾ?" ಆಕೆಗೆ ನಿಜಕ್ಕೂ ಅವಮಾನವಾಗಿತ್ತು.

ಅವಳ ಸೀರೆಯ ನೆರಿಗೆಯ ಕೆಳಗೆ ಆ ಕಾಲು ನಿಂತಲ್ಲೇ ಮಿಡುಕುತ್ತಿತ್ತು. ಈ ಹೆಂಗಸು ನಿಜವಾಗಿಯೂ ಸಾಯುತ್ತಾಳೆ ಎನ್ನಿಸಿತು. ಮಗುವನ್ನು ಕೊಡಲಾರೆ, ಕೊಟ್ಟರೆ ಮತ್ತೆ ಬಾವಿಯಿಂದ ನುಗ್ಗೆಮರ. ನನಗೆ ಎಲ್ಲಿಲ್ಲದ ರೇಗು ಬಂತು. "ಸರಿ, ನಾನೇ ಕೇಳ್ತೀನಿ, ತೂಗು!" ಎಂದು ಕೂಗಿ, ಅಟ್ಟದಿಂದ ತೊಟ್ಟಿಲು ಇಳಿಸಿ ಕಟ್ಟಿ, ಗುಂಡುಕಲ್ಲು ತಂದು ಒಳಗೆ ಧೊಪ್ಪನೆ ಹಾಕಿ, ಹಗ್ಗವನ್ನು ಅವಳ ಮೇಲೆ ಎಸೆದು, ಸೆರಗು ಸುತ್ತಿಕೊಂಡು ಚಾಪೆಯ ಮೇಲೆ ಉರುಳಿದೆ. ಅವಳಿಗೆ ಕಣ್ಣು ಹತ್ತುವವರೆಗೆ ಬಿದ್ದಿದ್ದು ಎದ್ದುಬಿಡುವುದು, ರಾಗಿ ಬೀಸುವುದು ಬೇಕಾದಷ್ಟಿದೆ, ಎಂದುಕೊಂಡೆ. ಅಕ್ಕ ಕಂಬಕ್ಕೆ ಒರಗಿ ಕೂತಳು, ಹೆಬ್ಬೆರಳಿಗೆ ಹಗ್ಗ ಸುತ್ತಿದಳು. ಕಿರ್ರ್, ಕಿರ್ರ್.

ಮಗಳು ಬಂದು ಅಲುಗಿಸಿದಾಗ ಹಿತ್ತಲಲ್ಲಿ ಬಿಸಿಲು ಇಳಿದಿತ್ತು. "ಅವ್ವ, ದೊಡ್ಡವ್ವ ಗೊರಕೆ ಹೊಡೀತಾವ್ಳೆ" ಎಂದಳು. ಹೌದು, ಹೊಡೆಯುತ್ತಿದ್ದಳು. ಕಾಲು ಎಳೆಯುತ್ತಲೇ ಇತ್ತು.

ಮಾರನೆಯ ದಿನವೂ ಬಂದಳು, ಅದರ ಮಾರನೆಯ ದಿನವೂ. ಅವಳ ಕೆನ್ನೆ ತುಂಬಿತು. ಅವಳ ಸೊಸೆಗೆ ಮಕ್ಕಳಾದವು. ಒಂದನ್ನೂ ಆ ಹುಡುಗಿ ಅತ್ತೆಯ ಹಗ್ಗಕ್ಕೆ ಕೊಡಲಿಲ್ಲ, ಎಲ್ಲವೂ ಚಾಪೆಯ ಮೇಲೆ ಮಲಗಿ ಬೆಳೆದವು. ನನ್ನ ಮಗಳು ಮದುವೆಯಾಗಿ ಕಡೂರಿಗೆ ಹೋದಳು. ಅಷ್ಟೂ ವರ್ಷ, ಊರಿನಲ್ಲಿದ್ದ ದಿನವೆಲ್ಲ, ಊಟವಾದ ಮೇಲೆ ಅಕ್ಕ ಬಂದು ಕೂರುವಳು, ನಾನು ಬೈಯುತ್ತ ಮಲಗುವೆನು. "ನಿನ್ನಿಂದ ನನ್ ಕೆಲ್ಸ ಎಲ್ಲ ಹಾಳು" ಎನ್ನುತ್ತಿದ್ದೆ. "ಮಲಗೇ ಸಾಕು" ಎನ್ನುತ್ತಿದ್ದಳು.

ಅವಳು ಹೋಗಿ ಆರು ತಿಂಗಳಾಯಿತು. ಮಧ್ಯಾಹ್ನ ಮನೆಯಲ್ಲಿ ಒಂದು ಸದ್ದಿಲ್ಲ. ಮೈ ಸೋತು ಚಾಪೆಯ ಮೇಲೆ ಬೀಳುತ್ತೇನೆ, ಕಣ್ಣು ಮುಚ್ಚುತ್ತೇನೆ, ಆ ಮಗ್ಗುಲು ಈ ಮಗ್ಗುಲು ಹೊರಳುತ್ತೇನೆ, ನಿದ್ದೆ ಹತ್ತಿರ ಸುಳಿಯುವುದಿಲ್ಲ. ತಲೆ ನರೆತಿದೆ, ಇನ್ನು ನಾನು ಬೆಳೆಯುವುದು ಎಲ್ಲಿಂದ ಬಂತು? ಹಾಳು ಮುದುಕಿ, ನನಗೂ ಅಭ್ಯಾಸ ಹತ್ತಿಸಿ ಹೋದಳು.